ಪೆನ್ನು ಹೋಗಿ ಬಾಟಲಿ ಬಂದ ಮೇಲೆ

ಇನ್ಸುಲಿನ್ ಪೆನ್ನಿಗೆ ಎರಡು ಭಾಗ. ಮೂರು ಮಿಲಿಲೀಟರ್ ಔಷಧ ಹಿಡಿಯುವ ಗಾಜಿನ ಕಾರ್ಟ್ರಿಜ್ ಒಂದು, ಅದನ್ನು ಒಳಗೆ ಕೂರಿಸಿಕೊಳ್ಳುವ ಪೆನ್ನಿನ ಒಡಲು ಇನ್ನೊಂದು. ಮೆಡಿಕಲ್ ಸ್ಟೋರಿನಲ್ಲೂ ಮನೆಯಲ್ಲೂ ಕಾರ್ಟ್ರಿಜ್‌ಗೆ ‘ರಿಫಿಲ್’ ಎನ್ನುವುದೇ ರೂಢಿ. ಒಂದು ರಿಫಿಲ್‌ನಲ್ಲಿ 300 ಯೂನಿಟ್ ಇರುತ್ತದೆ. ಮುಗಿದರೆ ಅದನ್ನು ತೆಗೆದು ಹೊಸದು ಹಾಕುತ್ತಾರೆ. ಒಡಲು ಮಾತ್ರ ವರ್ಷಗಟ್ಟಲೆ ಬಾಳುತ್ತದೆ. ಡೆನ್ಮಾರ್ಕಿನ ನೋವೋ ನಾರ್ಡಿಸ್ಕ್ ಕಂಪನಿ ಭಾರತದಲ್ಲಿ ಮಾನವ ಇನ್ಸುಲಿನ್‌ನ ಪೆನ್‌ಫಿಲ್ ರಿಫಿಲ್‌ಗಳನ್ನು ಹಂತಹಂತವಾಗಿ ನಿಲ್ಲಿಸುವುದಾಗಿ 2025ರಲ್ಲಿ ತಿಳಿಸಿತು. ಔಷಧ ನಿಲ್ಲುವುದಿಲ್ಲ, ಬಾಟಲಿಯಲ್ಲಿ ಸಿಗುತ್ತದೆ ಎಂಬುದು ಅದರ ಜೊತೆಗಿದ್ದ ಮಾತು. ಕಾಗದದ ಮೇಲೆ ಇದು ಪ್ಯಾಕಿಂಗ್ ಬದಲಾವಣೆ. ಪೆನ್ನನ್ನೇ ನಂಬಿದ್ದ ಮನೆಗಳಲ್ಲಿ ಅದು ಬೆಳಗಿನ ತಿಂಡಿಯ ಹೊತ್ತಿನಿಂದ ಹಿಡಿದು ಯಾರು ಯಾರನ್ನು ಅವಲಂಬಿಸಬೇಕು ಎಂಬಲ್ಲಿಯವರೆಗೆ ಎಲ್ಲವನ್ನೂ ಕದಲಿಸಿತು.

ಬೆಂಗಳೂರಿನ ಮಾರೇನಹಳ್ಳಿಯಂಥ ಕಡೆ ಇದು ಚೆನ್ನಾಗಿ ಕಾಣುತ್ತದೆ. ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವೆ ವಿಜಯನಗರ ಬೆಳೆದಾಗ ಅದರೊಳಗೆ ಸೇರಿಹೋದ ಹಳ್ಳಿ ಇದು. ಕೆಳಗೆ ಮನೆಯ ಯಜಮಾನರು, ಮೇಲೆ ಬಾಡಿಗೆಯವರು. ಒಂದೇ ಸೂರಿನಡಿ ಅಜ್ಜಿ, ಮಗ, ಸೊಸೆ, ಮೊಮ್ಮಕ್ಕಳು ಇರುವ ಮನೆಗಳು ಇಲ್ಲಿ ಇನ್ನೂ ಇವೆ. ಮಗ ಸೊಸೆ ಇಬ್ಬರೂ ಬೆಳಗ್ಗೆ ಮೆಟ್ರೋ ಹಿಡಿದೋ ಬೈಕಿನಲ್ಲೋ ಕೆಲಸಕ್ಕೆ ಹೊರಟರೆ ಹಗಲೆಲ್ಲ ಮನೆಯಲ್ಲಿ ಉಳಿಯುವವರು ಹಿರಿಯರು. ಆ ಹಿರಿಯರಲ್ಲಿ ಶುಗರ್ ಇರುವವರು ಕಡಿಮೆಯಲ್ಲ. ಐಸಿಎಂಆರ್ ನೆರವಿನ ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ ಮಂದಿ. ಅವರಲ್ಲಿ ಬಹುಪಾಲು ಜನರಿಗೆ ಮಾತ್ರೆ ಸಾಕು. ಹತ್ತು ಹದಿನೈದು ವರ್ಷ ಕಳೆದ ಮೇಲೆ ಮಾತ್ರೆ ಸಾಲದೆ ಕೆಲವರಿಗೆ ಇನ್ಸುಲಿನ್ ಬೇಕಾಗುತ್ತದೆ. ಟೈಪ್ 1 ಇರುವ ಮಕ್ಕಳಿಗಂತೂ ಮೊದಲ ದಿನದಿಂದಲೇ ಅದೇ ಜೀವ.

ಹಿರಿಯರಿಗೆ ಹೆಚ್ಚಾಗಿ ಬರೆದುಕೊಡುವುದು 30/70 ಮಿಶ್ರಣ, ದಿನಕ್ಕೆ ಎರಡು ಬಾರಿ. ಅದರಲ್ಲಿ 30 ಪಾಲು ಬೇಗ ಕೆಲಸ ಮಾಡುವ ತಿಳಿಯಾದ ಇನ್ಸುಲಿನ್. 70 ಪಾಲು ನಿಧಾನಕ್ಕೆ ಇಳಿಯುವ, ಹಾಲಿನಂತೆ ಬೆಳ್ಳಗಿರುವ ಎನ್‌ಪಿಎಚ್. ಈ ಎರಡನೆಯದು 1946ರಲ್ಲಿ ರೂಪುಗೊಂಡ ಔಷಧ. ಅದರ ಹೆಸರಿನ ಕೊನೆಯ ಅಕ್ಷರ ಡೆನ್ಮಾರ್ಕಿನ ವೈದ್ಯ ಹ್ಯಾಗೆಡೋರ್ನ್‌ನದು. ನಿಲ್ಲಿಸಿಟ್ಟರೆ ಬಿಳಿ ಭಾಗ ತಳಕ್ಕೆ ಇಳಿಯುತ್ತದೆ, ಮೇಲೆ ನೀರಿನಂಥ ತಿಳಿ ನಿಲ್ಲುತ್ತದೆ. ಹಾಗೆಯೇ ಚುಚ್ಚಿಕೊಂಡರೆ ಒಂದು ದಿನ ತಿಳಿ ಹೆಚ್ಚು, ಇನ್ನೊಂದು ದಿನ ಗಸಿ ಹೆಚ್ಚು. ಅದಕ್ಕೇ ರಿಫಿಲ್‌ನೊಳಗೆ ಒಂದು ಸಣ್ಣ ಗಾಜಿನ ಗುಂಡು ಇಟ್ಟಿರುತ್ತಾರೆ. ಪೆನ್ನನ್ನು ಅಂಗೈಗಳ ನಡುವೆ ಉರುಳಿಸಿ, ಮೇಲೆ ಕೆಳಗೆ ತಿರುಗಿಸಿದರೆ ಗುಂಡು ಈ ತುದಿಯಿಂದ ಆ ತುದಿಗೆ ಓಡುತ್ತದೆ. ಹತ್ತು ಸಲ ತಿರುಗಿಸುವಷ್ಟರಲ್ಲಿ ತಳದ ಗಸಿ ಎದ್ದು ಇಡೀ ರಿಫಿಲ್ ಒಂದೇ ಸಮನೆ ಬಿಳಿಯಾಗುತ್ತದೆ. ಓದು ಬರಹ ಬಾರದ ಅಜ್ಜಿಗೂ ಈ ಗುಂಡಿನ ಓಟ ಅರ್ಥವಾಗುತ್ತದೆ. ಒಳ್ಳೆಯ ಸಲಕರಣೆ ಎಂದರೆ ಇಂಥದು. ಸರಿಯಾದ ಕೆಲಸ ಯಾವುದು ಎಂಬುದನ್ನು ಅದು ಕಣ್ಣಿಗೇ ತೋರಿಸುತ್ತದೆ.

ಈ ಪೆನ್ನನ್ನು ಮಾರುಕಟ್ಟೆಗೆ ತಂದ ಕಂಪನಿಯ ಮೂಲ ಒಂದು ಸಂಸಾರದ ಕಷ್ಟದಲ್ಲಿದೆ. ಕೆನಡಾದ ಟೊರಾಂಟೊದಲ್ಲಿ 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಹುಡುಗನಿಗೆ ಮೊದಲ ಇನ್ಸುಲಿನ್ ಚುಚ್ಚಿದರು. ಅದೇ ವರ್ಷ ಡೆನ್ಮಾರ್ಕಿನ ನೊಬೆಲ್ ವಿಜ್ಞಾನಿ ಆಗಸ್ಟ್ ಕ್ರೋಗ್ ಟೊರಾಂಟೊಗೆ ಹೋಗಿ ಇನ್ಸುಲಿನ್ ತಯಾರಿಸುವ ಅನುಮತಿ ಪಡೆದುಬಂದರು. ಅವರ ಪತ್ನಿ ಮಾರಿ ಕ್ರೋಗ್ ಸ್ವತಃ ವೈದ್ಯೆ. ಅವರಿಗೇ ಸಕ್ಕರೆ ಕಾಯಿಲೆ ಇತ್ತು. ಆ ಪ್ರಯಾಣದಿಂದ ಹುಟ್ಟಿದ್ದು ನಾರ್ಡಿಸ್ಕ್ ಇನ್ಸುಲಿನ್ ಪ್ರಯೋಗಾಲಯ. 1925ರಲ್ಲಿ ಪೆಡರ್ಸನ್ ಸೋದರರು ನೋವೋ ಕಟ್ಟಿದರು. ಎರಡೂ 1989ರಲ್ಲಿ ಒಂದಾದವು. ಸಿರಿಂಜು, ಬಾಟಲಿ ಎರಡೂ ಬೇಡದ ಮೊದಲ ಇನ್ಸುಲಿನ್ ಪೆನ್ನು ಬಂದದ್ದು 1985ರಲ್ಲಿ, ನೋವೋದಿಂದ. ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು ಹೋಗಬಹುದಾದ ಆಕಾರ ಅದರದು. ಅದೇ ಸಾಲಿನ ನೋವೋಪೆನ್ 4 ಭಾರತದ ಸಾವಿರಾರು ಮನೆಗಳಲ್ಲಿ ಅಡುಗೆಮನೆಯ ಶೆಲ್ಫಿನ ಮೇಲೆ, ಔಷಧದ ಡಬ್ಬಿಯಲ್ಲಿ ಜಾಗ ಪಡೆಯಿತು. ಅದರೊಳಗೆ ಕೂರುತ್ತಿದ್ದ ಹ್ಯೂಮನ್ ಮಿಕ್ಸ್‌ಟಾರ್ಡ್ ಭಾರತದಲ್ಲಿ ಅತಿ ಹೆಚ್ಚು ಮಾರಾಟವಾಗುವ ಔಷಧಗಳ ಸಾಲಿನಲ್ಲಿ ವರ್ಷಗಟ್ಟಲೆ ನಿಂತಿತ್ತು.

ಪೆನ್ನು ಮನೆಯೊಳಗೆ ಏನು ಮಾಡುತ್ತಿತ್ತು ಎಂಬುದನ್ನು ಔಷಧದ ಲೆಕ್ಕದಲ್ಲಿ ಮಾತ್ರ ನೋಡಿದರೆ ತಿಳಿಯುವುದಿಲ್ಲ. ತುದಿಯ ಗುಂಡಿಯನ್ನು ತಿರುಗಿಸಿದರೆ ಕಿಂಡಿಯಲ್ಲಿ ಅಂಕಿ ಬರುತ್ತದೆ, ಒಂದೊಂದು ಯೂನಿಟ್ಟಿಗೂ ಟಿಕ್ ಎಂಬ ಸದ್ದು. ಕ್ಲಿಕ್ ಎಣಿಸಿ ಡೋಸ್ ಹಾಕಿಕೊಳ್ಳಬಾರದು, ಅಂಕಿಯನ್ನೇ ನೋಡಬೇಕು ಎಂದು ಕಂಪನಿಯ ಕೈಪಿಡಿಗಳು ಹೇಳುತ್ತವೆ. ಆದರೂ ಕಣ್ಣು ಮಂಜಾದವರು ಎಣಿಸಿಯೇ ಹಾಕಿಕೊಳ್ಳುತ್ತಿದ್ದರು ಎಂಬುದು ಇಂಥ ಮನೆಗಳಿಗೆಲ್ಲ ಗೊತ್ತಿರುವ ವಿಷಯ. ನಾಲ್ಕು ಮಿಲಿಮೀಟರಿನ ಸಣ್ಣ ಸೂಜಿ, ಹೊಟ್ಟೆಯ ಮೇಲೆ ನೆಟ್ಟಗೆ ಇಟ್ಟು ಗುಂಡಿ ಒತ್ತಿ, ಆರರವರೆಗೆ ಎಣಿಸಿ ತೆಗೆದರೆ ಮುಗಿಯಿತು. ಯಾರನ್ನೂ ಕರೆಯಬೇಕಿಲ್ಲ. ಸೊಸೆ ಮಕ್ಕಳ ಟಿಫನ್ ಡಬ್ಬಿ ಕಟ್ಟುವ ಹೊತ್ತಿಗೆ ಅಜ್ಜಿ ತನ್ನ ಪಾಡಿಗೆ ತಾನು ಸೀರೆಯ ಸೆರಗು ಸರಿಸಿ ಚುಚ್ಚಿಕೊಂಡು ಕೂರುತ್ತಿದ್ದಳು. ಕಾಯಿಲೆ ಇದ್ದೂ ಮನೆಯವರ ಕೈಗೆ ಬೀಳದೆ ಬದುಕುವುದು ಹಿರಿಯರಿಗೆ ಎಷ್ಟು ದೊಡ್ಡದು ಎಂಬುದನ್ನು ಆಸ್ಪತ್ರೆಯ ರಿಪೋರ್ಟು ಬರೆಯುವುದಿಲ್ಲ. ಪೆನ್ನು ಕೊಟ್ಟದ್ದು ಆ ಸ್ವಾತಂತ್ರ್ಯವನ್ನು, ಹೋದದ್ದೂ ಅದೇ.

ಸುದ್ದಿ ಮನೆ ತಲುಪುವ ದಾರಿಯೂ ಗಮನಿಸಬೇಕಾದದ್ದು. ಕಂಪನಿಯ ಪ್ರಕಟಣೆ ವ್ಯಾಪಾರಿಗಳಿಗೆ, ವೈದ್ಯರಿಗೆ ಹೋಗುತ್ತದೆ. ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಬರುತ್ತದೆ. ಔಷಧ ಹಾಕಿಕೊಳ್ಳುವವರಿಗೆ ಅದು ತಿಳಿಯುವುದು ಕೌಂಟರಿನಲ್ಲಿ. “ಸ್ಟಾಕ್ ಇಲ್ಲ ಸಾರ್, ಕಂಪನಿಯಿಂದಲೇ ಬರ್ತಿಲ್ಲ” ಎಂಬ ಒಂದು ವಾಕ್ಯ. ಮಾರುತಿ ಮಂದಿರದ ಬಳಿ ಇಲ್ಲದಿದ್ದರೆ ಮೂಡಲಪಾಳ್ಯ, ಅಲ್ಲೂ ಇಲ್ಲದಿದ್ದರೆ ರಾಜಾಜಿನಗರ ಎಂದು ಅಂಗಡಿಯಿಂದ ಅಂಗಡಿಗೆ ಓಡಾಟ. ಸಿಕ್ಕಷ್ಟು ರಿಫಿಲ್ ಕೊಂಡು ಫ್ರಿಜ್‌ನಲ್ಲಿ ತುಂಬಿಡುವುದು ಮನುಷ್ಯಸಹಜ. ಆದರೆ ಅದರಿಂದ ಕೊಂಚ ಕಾಲ ಸಿಗುತ್ತದೆಯೇ ಹೊರತು ದಾರಿ ಸಿಗುವುದಿಲ್ಲ. ದಿನಕ್ಕೆ 30 ಯೂನಿಟ್ ಹಾಕಿಕೊಳ್ಳುವವರಿಗೆ ಒಂದು ರಿಫಿಲ್ ಹತ್ತು ದಿನಕ್ಕೆ ಮುಗಿಯುತ್ತದೆ. ಪೆಟ್ಟಿಗೆಯ ಮೇಲಿನ ಎಕ್ಸ್‌ಪೈರಿ ದಿನಾಂಕ ಯಾರಿಗೂ ಕಾಯುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ ಉಳಿದ ರಿಫಿಲ್ ಹೆಚ್ಚು ದಿನ ಬರಲಿ ಎಂದು ಡೋಸ್ ಕಡಿಮೆ ಮಾಡಿಕೊಳ್ಳುವುದು, ಇಲ್ಲವೇ ಹೊಸದು ಸಿಗುವವರೆಗೆ ಬಿಟ್ಟುಬಿಡುವುದು. ಟೈಪ್ 1 ಇರುವ ಮಗು ಒಂದೆರಡು ದಿನ ಇನ್ಸುಲಿನ್ ಬಿಟ್ಟರೂ ರಕ್ತದಲ್ಲಿ ಕೀಟೋನ್ ಆಮ್ಲ ಏರಿ ಪ್ರಾಣಕ್ಕೇ ಕುತ್ತು ಬರುತ್ತದೆ.

ದಾರಿಗಳು ಮುಖ್ಯವಾಗಿ ಮೂರು. ಅದೇ ಔಷಧವನ್ನು ಬಾಟಲಿಯಿಂದ ಸಿರಿಂಜಿನಲ್ಲಿ ಎಳೆದುಕೊಳ್ಳುವುದು. ಬೇರೆ ಕಂಪನಿಯ ಮಾನವ ಇನ್ಸುಲಿನ್ ಮತ್ತು ಅದರದೇ ಪೆನ್ನಿಗೆ ಹೋಗುವುದು. ಅನಲಾಗ್ ಎಂದು ಕರೆಯುವ ಹೊಸ ತಲೆಮಾರಿನ ಇನ್ಸುಲಿನ್‌ಗೆ ಬದಲಾಗುವುದು. ಯಾವುದನ್ನು ಹಿಡಿಯಬೇಕು ಎಂಬುದನ್ನು ವೈದ್ಯರೇ ಹೇಳಬೇಕು. ಅಂಗಡಿಯ ಹುಡುಗ “ಇದೂ ಅದೇ” ಎಂದು ಕೊಟ್ಟದ್ದನ್ನು ತಂದು ಹಳೆಯ ಡೋಸಿನಲ್ಲೇ ಚುಚ್ಚಿಕೊಳ್ಳುವುದಕ್ಕಿಂತ ಅಪಾಯ ಇನ್ನೊಂದಿಲ್ಲ.

ಎರಡನೆಯ ದಾರಿಯಲ್ಲಿ ಕರ್ನಾಟಕಕ್ಕೆ ಒಂದು ಪಾಲಿದೆ. ಬೆಂಗಳೂರಿನ ಬಯೋಕಾನ್ 2004ರಲ್ಲಿ ಇನ್ಸುಜೆನ್ ಎಂಬ ಮಾನವ ಇನ್ಸುಲಿನ್ ತಂದಿತು. ಪಿಚಿಯಾ ಎಂಬ ಯೀಸ್ಟ್ ಜೀವಿಯ ಮೂಲಕ ಅದನ್ನು ತಯಾರಿಸುವ ವಿಧಾನ ಅದರ ವಿಶೇಷ. 2011ರಲ್ಲಿ ಇನ್ಸುಪೆನ್ ಎಂಬ ಪೆನ್ನನ್ನೂ ತಂದಿತು. ಭಾರತದಲ್ಲಿ ಈ ಔಷಧಗಳ ಮಾರಾಟದ ವ್ಯವಹಾರವನ್ನು 2024ರಲ್ಲಿ ಎರಿಸ್ ಲೈಫ್‌ಸೈನ್ಸಸ್ 1,242 ಕೋಟಿ ರೂಪಾಯಿಗೆ ಕೊಂಡಿತು. ವೋಕ್‌ಹಾರ್ಟ್‌ನ ವೋಸುಲಿನ್, ಲುಪಿನ್ ಈಗ ತನ್ನದಾಗಿಸಿಕೊಂಡಿರುವ ಹ್ಯೂಮಿನ್ಸುಲಿನ್ ಕೂಡ ಇದೇ ಬಗೆಯವು. ಔಷಧ ಒಂದೇ ಜಾತಿಯದಾದರೂ ಒಂದರ ರಿಫಿಲ್ ಇನ್ನೊಂದರ ಪೆನ್ನಿಗೆ ಕೂರುತ್ತದೆ ಎಂದು ನಂಬುವಂತಿಲ್ಲ. ಕಂಡರೆ ಒಂದೇ ಅಳತೆ ಅನಿಸಬಹುದು. ಒಳಗಿನ ತಳ್ಳುಕಡ್ಡಿ ಒಂದೆಳೆಯಷ್ಟು ಹೆಚ್ಚುಕಡಿಮೆಯಾದರೂ ಡೋಸ್ ತಪ್ಪುತ್ತದೆ. ಆದ್ದರಿಂದ ಬದಲಾಯಿಸುವಾಗ ಪೆನ್ನು, ರಿಫಿಲ್ ಎರಡನ್ನೂ ಒಂದೇ ಕಂಪನಿಯದು ಕೊಳ್ಳಬೇಕು, ಹಳೆಯ ಪೆನ್ನನ್ನು ಡಬ್ಬಿಯಿಂದ ತೆಗೆದೇ ಇಡಬೇಕು. ಕಣ್ಣು ಮಂಜಾದ ಹಿರಿಯರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ ಎಲ್ಲಕ್ಕಿಂತ ಒಗ್ಗುವುದು ಈ ದಾರಿಯೇ. ಅಂಗಡಿಯಲ್ಲಿ ತಡೆಯಿಲ್ಲದೆ ಸಿಗುತ್ತದೆಯೇ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಂಡರೆ ಎರಡನೆಯ ಸಲ ಇದೇ ಗೋಳು ತಪ್ಪುತ್ತದೆ.

ಅನಲಾಗ್ ಇನ್ಸುಲಿನ್‌ಗೆ ಹೋದರೆ ಮನೆಯ ವೇಳಾಪಟ್ಟಿಯೇ ಬದಲಾಗುತ್ತದೆ. ಮಾನವ ಇನ್ಸುಲಿನ್ ಮಿಶ್ರಣವನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ಹಾಕಿಕೊಳ್ಳಬೇಕು. ಇಡ್ಲಿ ಬೇಯುವಷ್ಟರಲ್ಲಿ ಸೂಜಿ ಮುಗಿದಿರಬೇಕು ಎಂಬ ಲೆಕ್ಕ. ಅನಲಾಗ್ ಮಿಶ್ರಣವಾದರೆ ತಟ್ಟೆಯ ಮುಂದೆ ಕೂತೇ ಹಾಕಿಕೊಳ್ಳಬಹುದು. ಹಳೆಯ ಅಭ್ಯಾಸದಂತೆ ಅರ್ಧ ಗಂಟೆ ಮೊದಲೇ ಹಾಕಿಕೊಂಡು, ತಿಂಡಿ ತಡವಾದರೆ ಶುಗರ್ ಲೋ ಆಗಿ ಬೆವರು, ನಡುಕ ಶುರುವಾಗುತ್ತದೆ. ಇದರ ಅನುಕೂಲ ನಿಜ, ಖರ್ಚೂ ನಿಜ. ಪಿಂಚಣಿಯಲ್ಲೋ ಅಂಗಡಿಯ ಬಾಡಿಗೆಯಲ್ಲೋ ನಡೆಯುವ ಮನೆಗೆ ತಿಂಗಳ ಔಷಧದ ಬಿಲ್ ಏರಿದರೆ ಇನ್ನೊಂದು ಕಡೆ ಇಳಿಸಲೇಬೇಕು. ಬಹಳ ಸಲ ಇಳಿಯುವುದು ಶುಗರ್ ಪರೀಕ್ಷೆಯ ಸ್ಟ್ರಿಪ್ಪಿನ ಖರ್ಚು. ಔಷಧ ಬದಲಾದ ಹೊತ್ತಿನಲ್ಲೇ ಪರೀಕ್ಷೆ ಬಿಡುವುದು ಕಣ್ಣು ಕಟ್ಟಿಕೊಂಡು ರಸ್ತೆ ದಾಟಿದಂತೆ.

ಉಳಿದದ್ದು ಬಾಟಲಿ. ಹೆಚ್ಚು ಮನೆಗಳು ಇದಕ್ಕೇ ಬಂದು ನಿಲ್ಲುತ್ತವೆ. ಅಗ್ಗ, ಬೆಲೆ ಸರ್ಕಾರದ ನಿಯಂತ್ರಣದಲ್ಲಿದೆ, ಔಷಧ ಬದಲಾಗುವುದಿಲ್ಲ. ಆದರೆ ಇಲ್ಲಿಯೇ ಒಂದು ಲೆಕ್ಕ ಕಾದಿದೆ, ಅದನ್ನು ಮನೆಯವರೆಲ್ಲರೂ ತಿಳಿದಿರಲೇಬೇಕು. ಭಾರತದಲ್ಲಿ ಮಾನವ ಇನ್ಸುಲಿನ್ ಬಾಟಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್ ಬಲದ್ದು. ರಿಫಿಲ್ ಒಂದು ಮಿಲಿಲೀಟರಿಗೆ 100 ಯೂನಿಟ್. ಅಂದರೆ ರಿಫಿಲ್‌ನಲ್ಲಿರುವುದು ಎರಡೂವರೆ ಪಟ್ಟು ಗಟ್ಟಿ. ಹತ್ತು ಮಿಲಿಲೀಟರಿನ ದೊಡ್ಡ ಬಾಟಲಿಯಲ್ಲಿ 400 ಯೂನಿಟ್, ಮೂರು ಮಿಲಿಲೀಟರಿನ ಸಣ್ಣ ರಿಫಿಲ್‌ನಲ್ಲಿ 300. ಈ ಎರಡು ಬಲಕ್ಕೆ ಎರಡು ಬಗೆಯ ಸಿರಿಂಜು: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. ಸಿರಿಂಜಿನ ಮೇಲಿನ ಗೆರೆಗಳು ಆಯಾ ಬಲಕ್ಕೆ ತಕ್ಕಂತೆ ಅಚ್ಚಾಗಿರುತ್ತವೆ.

ಅಜ್ಜಿಯ ಡೋಸ್ 20 ಯೂನಿಟ್ ಎಂದುಕೊಂಡರೆ, 40ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದಾಗ ಅರ್ಧ ಮಿಲಿಲೀಟರ್ ಬರುತ್ತದೆ, ಸರಿಯಾಗಿ 20 ಯೂನಿಟ್. ಮೆಡಿಕಲ್ ಸ್ಟೋರಿನಲ್ಲಿ ಕಿತ್ತಳೆ ಮುಚ್ಚಳದ್ದು ಕೊಟ್ಟುಬಿಟ್ಟರು ಎನ್ನಿ. ಅದೇ ಬಾಟಲಿಯಿಂದ ಅದೇ 20ರ ಗೆರೆಗೆ ಎಳೆದರೆ ಬರುವುದು 0.2 ಮಿಲಿಲೀಟರ್, ಬರೇ 8 ಯೂನಿಟ್. ಶುಗರ್ ದಿನೇ ದಿನೇ ಏರುತ್ತದೆ, ಕಾರಣ ಗೊತ್ತಾಗುವುದಿಲ್ಲ, ಅಜ್ಜಿ ಕದ್ದು ಸಿಹಿ ತಿಂದಳೆಂದು ಮನೆಯಲ್ಲಿ ಮಾತು ಬರುತ್ತದೆ. ತಿರುಗುಮುರುಗಾದರೆ ಇನ್ನೂ ಭಯಂಕರ. ಪೆನ್ನು ಕೆಟ್ಟಿದೆ, ರಿಫಿಲ್‌ನಲ್ಲಿ ಔಷಧ ಉಳಿದಿದೆ, ದುಡ್ಡು ಕೊಟ್ಟದ್ದು ಯಾಕೆ ಹಾಳು ಮಾಡುವುದು ಎಂದು ಅದರ ರಬ್ಬರಿಗೆ ಕೆಂಪು ಮುಚ್ಚಳದ ಸಿರಿಂಜು ಚುಚ್ಚಿ 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಇಷ್ಟು ಇನ್ಸುಲಿನ್ ಪ್ರಜ್ಞೆ ತಪ್ಪಿಸಬಲ್ಲದು, ಪ್ರಾಣವನ್ನೂ ತೆಗೆಯಬಲ್ಲದು. ಹಾಗಾಗಿ ಬಾಟಲಿಯ ಲೇಬಲ್ಲಿನ 40 ಎಂಬ ಅಂಕಿಯನ್ನೂ ಸಿರಿಂಜಿನ ಮೇಲಿನ 40 ಎಂಬ ಅಂಕಿಯನ್ನೂ ಪ್ರತಿ ಸಲ ಅಕ್ಕಪಕ್ಕ ಹಿಡಿದು ನೋಡುವುದು ಮನೆಯ ನಿಯಮವಾಗಬೇಕು. ಕಿತ್ತಳೆ ಮುಚ್ಚಳದ್ದು ಮನೆಯೊಳಗೇ ಇರಬಾರದು. ಫ್ರಿಜ್ಜಿನ ಬಾಗಿಲಿಗೆ ಕನ್ನಡದಲ್ಲಿ ದೊಡ್ಡದಾಗಿ ‘ಕೆಂಪು ಮುಚ್ಚಳ ಮಾತ್ರ’ ಎಂದು ಬರೆದು ಅಂಟಿಸುವುದು ಸಣ್ಣ ಕೆಲಸ, ತುಂಬ ಬೆಲೆಯುಳ್ಳ ಕೆಲಸ.

ಎಳೆಯುವುದನ್ನು ಕಲಿಯಲು ಕೆಲವು ದಿನ ಬೇಕು. ಬಾಟಲಿಯಲ್ಲಿ ಗಾಜಿನ ಗುಂಡು ಇಲ್ಲ; ಅಂಗೈಗಳ ನಡುವೆ ನಿಧಾನಕ್ಕೆ ಉರುಳಿಸಿ ಬಿಳಿ ಸಮವಾಗುವವರೆಗೆ ನೋಡಬೇಕು, ಜೋರಾಗಿ ಕುಲುಕಿದರೆ ನೊರೆ ಬಂದು ಅಳತೆ ಕೆಡುತ್ತದೆ. ರಬ್ಬರನ್ನು ಸ್ಪಿರಿಟ್ ಹತ್ತಿಯಿಂದ ಒರೆಸಬೇಕು. ಎಷ್ಟು ಯೂನಿಟ್ ಬೇಕೋ ಅಷ್ಟೇ ಗಾಳಿಯನ್ನು ಮೊದಲು ಸಿರಿಂಜಿಗೆ ತುಂಬಿ ಬಾಟಲಿಯೊಳಗೆ ಬಿಡಬೇಕು. ಇಲ್ಲದಿದ್ದರೆ ಒಳಗೆ ಎಳೆತ ಉಂಟಾಗಿ ಔಷಧ ಬರುವುದೇ ಇಲ್ಲ. ಆಮೇಲೆ ಬಾಟಲಿಯನ್ನು ತಲೆಕೆಳಗು ಮಾಡಿ, ಬೆಳಕಿಗೆ ಹಿಡಿದು, ಗೆರೆಗಿಂತ ಸ್ವಲ್ಪ ಮುಂದೆ ಎಳೆದು, ಬೆರಳಿನಿಂದ ತಟ್ಟಿ ಗುಳ್ಳೆಗಳನ್ನು ಮೇಲಕ್ಕೆ ಕಳಿಸಿ, ಹೆಚ್ಚಾದದ್ದನ್ನು ಬಾಟಲಿಗೇ ಮರಳಿ ತಳ್ಳಿ ಗೆರೆಗೆ ತಂದು ನಿಲ್ಲಿಸಬೇಕು. ಗುಳ್ಳೆಯಿಂದ ಪ್ರಾಣಕ್ಕೇನೂ ಆಗುವುದಿಲ್ಲ. ಅದು ಔಷಧದ ಜಾಗ ಹಿಡಿದು ಡೋಸ್ ಕಡಿಮೆ ಮಾಡುತ್ತದೆ, ಅಷ್ಟೆ. ಸಿರಿಂಜಿನ ಸೂಜಿ ಪೆನ್ನಿನದಕ್ಕಿಂತ ಉದ್ದ, ಆರು ಅಥವಾ ಎಂಟು ಮಿಲಿಮೀಟರ್. ಆದ್ದರಿಂದ ಹೊಟ್ಟೆಯ ಅಥವಾ ತೊಡೆಯ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಹಿಡಿದು ಚುಚ್ಚಬೇಕು. ಸಣಕಲು ಮೈಯವರಲ್ಲಿ ಹಾಗೆ ಮಾಡದಿದ್ದರೆ ಔಷಧ ಸ್ನಾಯುವಿಗೆ ಇಳಿದು ಬೇಗ ಮೈಗೆ ಹತ್ತಿಬಿಡುತ್ತದೆ. ದಿನವೂ ಒಂದೇ ಜಾಗಕ್ಕೆ ಚುಚ್ಚಿದರೆ ಚರ್ಮದಡಿ ಗಂಟು ಕಟ್ಟುತ್ತದೆ, ಗಂಟಿನಲ್ಲಿ ಬಿದ್ದ ಔಷಧ ಯಾವಾಗ ಮೈಗೆ ಹತ್ತುತ್ತದೆಂದು ಹೇಳಲಾಗದು.

ಇದನ್ನೆಲ್ಲ ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ಕೈಯಲ್ಲಿ ಮಾಡಿಸಬೇಕು. ವೈದ್ಯರಿಗೆ ಅಷ್ಟು ಬಿಡುವು ಸಿಗದು. ಕಲಿಸುವವರು ಡಯಾಬಿಟಿಸ್ ಎಜುಕೇಟರ್‌ಗಳು, ನರ್ಸ್‌ಗಳು. ಪಶ್ಚಿಮ ಬೆಂಗಳೂರಿನವರಿಗೆ ರಾಜಾಜಿನಗರದಲ್ಲಿ ಸಕ್ಕರೆ ಕಾಯಿಲೆಗೇ ಮೀಸಲಾದ ಡಯಾಕಾನ್ ಆಸ್ಪತ್ರೆ ಇದೆ. ವಿಮೆಗೆ ಒಳಪಟ್ಟ ಕಾರ್ಮಿಕರ ಮನೆಗಳಿಗೆ ಅಲ್ಲಿಯೇ ಇಎಸ್‌ಐ ಆಸ್ಪತ್ರೆ. ಮೊದಲು ಡಯಾಬಿಟಾಲಜಿ ಸಂಸ್ಥೆ ಎಂದಿದ್ದು ಈಗ ಕರ್ನಾಟಕ ಎಂಡೋಕ್ರೈನಾಲಜಿ ಮತ್ತು ಸಂಶೋಧನಾ ಸಂಸ್ಥೆಯಾಗಿರುವ ಸರ್ಕಾರಿ ಸಂಸ್ಥೆಯೂ ಬೆಂಗಳೂರಿನಲ್ಲಿದೆ. ಹಳೆಯ ಪೆನ್ನು, ಹೊಸ ಬಾಟಲಿ, ಸಿರಿಂಜು, ಬರೆದಿಟ್ಟ ಶುಗರ್ ಲೆಕ್ಕ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಅಲ್ಲಿಯೇ ಎಳೆದು ತೋರಿಸಿದರೆ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ. ಅಜ್ಜಿಯ ಜೊತೆ ಮನೆಯ ಇನ್ನಿಬ್ಬರಾದರೂ ಕಲಿತುಬರಬೇಕು. ಒಬ್ಬರೇ ಕಲಿತರೆ ಆ ಒಬ್ಬರಿಗೆ ಜ್ವರ ಬಂದ ದಿನ ಮನೆ ನಿಂತುಹೋಗುತ್ತದೆ.

ಕಣ್ಣಿನ ಮಾತು ಇಲ್ಲಿ ಬರುತ್ತದೆ. ವರ್ಷಗಟ್ಟಲೆ ಶುಗರ್ ಇದ್ದವರಲ್ಲಿ ಕಣ್ಣಿನ ಪರದೆಯ ರಕ್ತನಾಳಗಳು ಹಾಳಾಗುತ್ತವೆ, ಪೊರೆ ಬೇಗ ಬರುತ್ತದೆ. ಕೂದಲೆಳೆಯಷ್ಟು ಸಣ್ಣ ಗೆರೆಗಳ ನಡುವೆ ಹದಿನೆಂಟು ಯಾವುದು, ಇಪ್ಪತ್ತು ಯಾವುದು ಎಂದು ಗುರುತಿಸುವ ಕೆಲಸವನ್ನು ಈ ಕಾಯಿಲೆ ಅದೇ ಕಾಯಿಲೆಯವರಿಂದ ಕಿತ್ತುಕೊಳ್ಳುತ್ತದೆ. ಬಾಟಲಿಗೆ ಬದಲಾಗುವ ಮುನ್ನ ಕಣ್ಣಿನ ಪರೀಕ್ಷೆ ಮಾಡಿಸುವುದು ಒಳ್ಳೆಯದು; ಮಿಂಟೋ ಕಣ್ಣಾಸ್ಪತ್ರೆ, ರಾಜಾಜಿನಗರದ ನಾರಾಯಣ ನೇತ್ರಾಲಯ ಎರಡೂ ಮಾರೇನಹಳ್ಳಿಯಿಂದ ದೂರವಲ್ಲ. ಗೆರೆ ಕಾಣದಿದ್ದರೆ ಎಳೆದುಕೊಡುವವರು ಬೇಕು. ಬೆಳಗ್ಗೆ ಸೊಸೆ, ರಾತ್ರಿ ಮಗ ಎಂದು ಹಂಚಿಕೊಂಡ ಮನೆಗಳಲ್ಲಿ ಒಂದು ನೋಟ್‌ಬುಕ್ ಇಟ್ಟು ಹಾಕಿದವರು ಡೋಸ್, ಹೊತ್ತು ಬರೆಯುವುದು ಅಗತ್ಯ. ಇಲ್ಲದಿದ್ದರೆ “ನೀನು ಹಾಕಿದೆ ಅಂದುಕೊಂಡೆ” ಎಂದು ಡೋಸ್ ತಪ್ಪುತ್ತದೆ, ಇಲ್ಲವೇ ಇಬ್ಬರೂ ಹಾಕಿ ಎರಡು ಡೋಸ್ ಆಗುತ್ತದೆ. ಹೈಸ್ಕೂಲಿಗೆ ಹೋಗುವ ಮೊಮ್ಮಗಳಿಗೆ ಕಣ್ಣು ಚುರುಕು, ಕೈ ಸ್ಥಿರ. ಅವಳೇ ಎಲ್ಲರಿಗಿಂತ ಬೇಗ ಕಲಿಯುವುದುಂಟು. ಅವಳು ಎಳೆದದ್ದನ್ನು ದೊಡ್ಡವರೊಬ್ಬರು ಗೆರೆ ನೋಡಿ ಸರಿ ಎಂದ ಮೇಲೆಯೇ ಚುಚ್ಚಬೇಕು. ಅಜ್ಜಿಯ ಕೈಯಿಂದ ಕೆಲಸ ಪೂರ್ತಿ ಕಿತ್ತುಕೊಳ್ಳುವುದೂ ಬೇಡ. ಎಳೆದುಕೊಟ್ಟ ಸಿರಿಂಜನ್ನು ಚುಚ್ಚಿಕೊಳ್ಳುವುದು ಅವಳ ಕೈಯಲ್ಲೇ ಇರಲಿ. ಅಷ್ಟು ಸ್ವಾತಂತ್ರ್ಯವನ್ನು ಉಳಿಸಿಕೊಡುವುದು ಮನೆಯವರ ಕರ್ತವ್ಯ.

ಬದಲಾವಣೆಯ ಮೊದಲ ವಾರಗಳಲ್ಲಿ ಶುಗರ್ ಪರೀಕ್ಷೆ ಹೆಚ್ಚಿಸಬೇಕು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ತಿಂಡಿಯಾದ ಎರಡು ಗಂಟೆಗೆ, ರಾತ್ರಿ ಊಟಕ್ಕೆ ಮುಂಚೆ, ಬೇಕಾದರೆ ನಡುರಾತ್ರಿಯಲ್ಲಿ. 70ಕ್ಕಿಂತ ಕೆಳಗಿಳಿದರೆ ಲೋ. ಕೂಡಲೇ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಿಗೆ ಬೆರೆಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು, ಏರಿದ ಮೇಲೆ ಏನಾದರೂ ತಿನ್ನಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಆಂಬುಲೆನ್ಸ್‌ಗೆ 108 ಒತ್ತಬೇಕು. ಗ್ಲೂಕೋಮೀಟರಿಗೂ ಇದೇ ಕಥೆ ಇದೆ: ಒಂದೊಂದು ಮೀಟರಿಗೂ ಅದರದೇ ಸ್ಟ್ರಿಪ್, ಕಂಪನಿ ಆ ಮಾದರಿಯನ್ನು ನಿಲ್ಲಿಸಿದರೆ ಸ್ಟ್ರಿಪ್ಪೂ ನಿಲ್ಲುತ್ತದೆ, ಚೆನ್ನಾಗಿದ್ದ ಮೀಟರು ಮೂಲೆ ಸೇರುತ್ತದೆ. ಮೀಟರು ಬದಲಿಸುವುದು ಪೆನ್ನು ಬದಲಿಸಿದಷ್ಟು ಕಷ್ಟವಲ್ಲ. ಹಳೆಯದು, ಹೊಸದು ಎರಡರಲ್ಲೂ ಕೆಲವು ದಿನ ಒಟ್ಟಿಗೆ ನೋಡಿ, ಲ್ಯಾಬ್ ರಿಪೋರ್ಟಿನ ಜೊತೆ ಒಮ್ಮೆ ಹೋಲಿಸಿದರೆ ಸಾಕು.

ಸಲಕರಣೆ ನಿಂತುಹೋಗುವುದು ಭಾರತಕ್ಕೆ ಮಾತ್ರ ಬಂದ ಕಷ್ಟವಲ್ಲ. ಜಾನ್ಸನ್ ಅಂಡ್ ಜಾನ್ಸನ್ 2017ರ ಅಕ್ಟೋಬರ್‌ನಲ್ಲಿ ತನ್ನ ಆನಿಮಸ್ ಇನ್ಸುಲಿನ್ ಪಂಪುಗಳನ್ನು ನಿಲ್ಲಿಸುವುದಾಗಿ ಹೇಳಿದಾಗ ಸುಮಾರು 90,000 ಮಂದಿ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಬದುಕುತ್ತಿದ್ದರು. ಅವರಿಗೆ ಮೆಡ್‌ಟ್ರಾನಿಕ್ ಪಂಪಿನ ದಾರಿ ತೋರಿಸಲಾಯಿತು. ನೋವೋ ನಾರ್ಡಿಸ್ಕ್ ಲೆವೆಮಿರ್ ಇನ್ಸುಲಿನ್ ಅನ್ನು ಅಮೆರಿಕದಲ್ಲಿ ನಿಲ್ಲಿಸುವುದಾಗಿ 2023ರ ನವೆಂಬರ್‌ನಲ್ಲಿ ತಿಳಿಸಿ, 2024ರ ಕೊನೆಗೆ ನಿಲ್ಲಿಸಿತು. ದಕ್ಷಿಣ ಆಫ್ರಿಕಾದ ಸರ್ಕಾರಿ ಆಸ್ಪತ್ರೆಗಳಿಗೆ ಸುಮಾರು ಹತ್ತು ವರ್ಷ ಮಾನವ ಇನ್ಸುಲಿನ್ ಪೆನ್ನು ಕೊಟ್ಟಿದ್ದ ಅದೇ ಕಂಪನಿ 2024ರಲ್ಲಿ ಆ ಒಪ್ಪಂದ ಮುಂದುವರಿಸಲಿಲ್ಲ; ಅಲ್ಲಿನ ರೋಗಿಗಳೂ ಬಾಟಲಿ, ಸಿರಿಂಜಿಗೆ ಮರಳಬೇಕಾಯಿತು. ಗಡಿಯಿಲ್ಲದ ವೈದ್ಯರ ಸಂಘಟನೆ ಎಂಎಸ್‌ಎಫ್ ಇದನ್ನು ಬಹಿರಂಗವಾಗಿಯೇ ಖಂಡಿಸಿತು. ಭಾರತದಲ್ಲಿ ಪೆನ್‌ಫಿಲ್ ನಿಲ್ಲಿಸುವ ಸುದ್ದಿ ಬಂದ 2025ರಲ್ಲೇ, ಜೂನ್ ತಿಂಗಳಲ್ಲಿ, ಕಂಪನಿ ತೂಕ ಇಳಿಸುವ ವೆಗೋವಿ ಔಷಧವನ್ನು ಇಲ್ಲಿಗೆ ತಂದಿತು. ಅದು ಬಂದದ್ದು ಪೆನ್ನಿನಲ್ಲಿ.

ಯಾವ ಕಂಪನಿಯೂ ಒಂದು ಮಾದರಿಯನ್ನು ಎಂದೆಂದಿಗೂ ತಯಾರಿಸಬೇಕೆಂದು ಕೇಳಲಾಗದು. ಕೇಳಬಹುದಾದದ್ದು, ಕೇಳಲೇಬೇಕಾದದ್ದು ಬೇರೆ ಇದೆ. ನಿಲ್ಲಿಸುವ ದಿನಾಂಕವನ್ನು ರಿಫಿಲ್‌ನ ಪೆಟ್ಟಿಗೆಯ ಮೇಲೆಯೇ, ಕನ್ನಡವೂ ಸೇರಿದಂತೆ ಆಯಾ ಪ್ರದೇಶದ ಭಾಷೆಯಲ್ಲಿ, ಕನಿಷ್ಠ ಒಂದು ವರ್ಷ ಮೊದಲೇ ಅಚ್ಚು ಮಾಡಬೇಕು. 40ರ ಬಾಟಲಿಯ ಜೊತೆ ಕೆಂಪು ಮುಚ್ಚಳದ ಸಿರಿಂಜು ತಪ್ಪದೆ ಕೊಡುವ ಜವಾಬ್ದಾರಿಯನ್ನು ಅಂಗಡಿಗಳಿಗೆ ಹೊರಿಸಬೇಕು. ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿ ಮಾನವ ಇನ್ಸುಲಿನ್ ಇದೆ, 2022ರ ಪಟ್ಟಿಯಲ್ಲಿ ಗ್ಲಾರ್ಜಿನ್ ಎಂಬ ಅನಲಾಗ್ ಇನ್ಸುಲಿನ್ ಕೂಡ ಸೇರಿತು. ಇನ್ಸುಲಿನ್ ಅನ್ನು ದೇಹಕ್ಕೆ ತಲುಪಿಸುವ ಪೆನ್ನನ್ನೂ ಔಷಧದಷ್ಟೇ ಅಗತ್ಯ ಎಂದು ಎಣಿಸಬೇಕು. ಕಣ್ಣು ಕಾಣದವರಿಗೆ ಸಿರಿಂಜಿನ ಔಷಧ ಅರ್ಧ ಔಷಧ ಮಾತ್ರ.

ಬಾಟಲಿ ಬಂದ ಮೇಲೆ ಮನೆಯಲ್ಲಿ ಇನ್ನೆರಡು ವಿಷಯಗಳಿಗೆ ಜಾಗ ಮಾಡಬೇಕು. ಮೊದಲನೆಯದು ಇಡುವ ಜಾಗ. ತೆರೆಯದ ಬಾಟಲಿ ಫ್ರಿಜ್‌ನಲ್ಲಿರಬೇಕು, ಫ್ರೀಜರಿನ ಹತ್ತಿರ ಅಲ್ಲ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿ ಮೊದಲಿನಂತೆ ಕಂಡರೂ ಕೆಲಸಕ್ಕೆ ಬಾರದು. ಬಳಕೆಯಲ್ಲಿರುವುದನ್ನು ಬೆಂಗಳೂರಿನ ಸಾಧಾರಣ ಹವೆಯಲ್ಲಿ, ಬಿಸಿಲು ಮತ್ತು ಒಲೆಯ ಬಿಸಿ ತಾಗದ ಕಡೆ ಇಡಬಹುದು. ತೆರೆದ ದಿನಾಂಕವನ್ನು ಲೇಬಲ್ಲಿನ ಮೇಲೆ ಬರೆದು, ನಾಲ್ಕು ವಾರದ ನಂತರ ಔಷಧ ಉಳಿದಿದ್ದರೂ ಹೊಸದು ತೆಗೆಯುವುದು ಕ್ಷೇಮ. ಧರ್ಮಸ್ಥಳಕ್ಕೋ ತಿರುಪತಿಗೋ ಹೊರಟರೆ ಬಾಟಲಿ ಕೈಚೀಲದಲ್ಲಿರಬೇಕು; ಬಸ್ಸಿನ ಡಿಕ್ಕಿಯ ಬಿಸಿಗೆ ಔಷಧ ಹಾಳಾಗುತ್ತದೆ. ಗಾಜು ಒಡೆಯುವುದರಿಂದ ಒಂದು ಬಾಟಲಿ ಹೆಚ್ಚಿಗೆ ಇರಲಿ.

ಎರಡನೆಯದು ಸೂಜಿಗಳು. ದಿನಕ್ಕೆ ಎರಡು ಸಿರಿಂಜು ಎಂದರೆ ತಿಂಗಳಿಗೆ ಅರವತ್ತು. ಕಸದ ಆಟೋಗೆ ಹಸಿ ಕಸ, ಒಣ ಕಸ ಎಂದು ಬೇರೆ ಮಾಡಿ ಕೊಡುವ ಮನೆಗಳಲ್ಲೂ ಇವು ಎಲ್ಲಿಗೆ ಹೋಗಬೇಕೆಂಬುದು ಬಹಳ ಜನಕ್ಕೆ ತಿಳಿದಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಸೂಜಿ, ಸಿರಿಂಜುಗಳನ್ನು ಮನೆಯ ಅಪಾಯಕಾರಿ ಕಸದ ಗುಂಪಿಗೆ ಸೇರಿಸಿದವು. ದಪ್ಪ ಪ್ಲಾಸ್ಟಿಕ್ಕಿನ ಡಬ್ಬಿಯ ಮುಚ್ಚಳದಲ್ಲಿ ತೂತು ಮಾಡಿ, ಬಳಸಿದ ಕೂಡಲೇ ಸೂಜಿಯ ಮುಖ ಕೆಳಗಾಗಿ ಅದರೊಳಗೆ ಬಿಟ್ಟು, ಮುಕ್ಕಾಲು ತುಂಬಿದ ಮೇಲೆ ಟೇಪ್ ಸುತ್ತಿ, ಮೇಲೆ ‘ಸೂಜಿ’ ಎಂದು ಬರೆದು ಪ್ರತ್ಯೇಕವಾಗಿ ಕೊಡಬೇಕು. ಚಿಕಿತ್ಸೆಗೆ ಹೋಗುವ ಆಸ್ಪತ್ರೆ ತೆಗೆದುಕೊಳ್ಳುವುದಾದರೆ ಅಲ್ಲಿಗೇ ಒಯ್ಯುವುದು ಇನ್ನೂ ಒಳ್ಳೆಯದು. ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈಗೆ ಇವು ಚುಚ್ಚಬಾರದು. ರಿಫಿಲ್ ಇಲ್ಲದ ಹಳೆಯ ಪೆನ್ನಿನಿಂದ ಸೂಜಿ ತೆಗೆದಿದ್ದರೆ ಅದರಿಂದ ಅಂಥ ಅಪಾಯವಿಲ್ಲ. ಅದೇ ಕಂಪನಿಯ ಬೇರೆ ಇನ್ಸುಲಿನ್‌ನ ರಿಫಿಲ್ ಮುಂದೆ ವೈದ್ಯರು ಬರೆದುಕೊಡುವ ಸಾಧ್ಯತೆ ಇದ್ದರೆ ಅದನ್ನು ಒರೆಸಿ, ಬಾಟಲಿ ಸಿರಿಂಜುಗಳಿಂದ ದೂರವಾಗಿ, ಬೇರೆ ಡಬ್ಬಿಯಲ್ಲಿ ಇಟ್ಟುಕೊಳ್ಳಬಹುದು.